ಕಠಿಣ ಗ್ರಂಥ ಮತ್ತು ಓದುವ ಮನಸ್ಸು

ತತ್ತ್ವಶಾಸ್ತ್ರದ ದೊಡ್ಡ ಗ್ರಂಥಗಳನ್ನು ಕೈಗೆತ್ತಿಕೊಂಡವರು ಬಹಳ ಮಂದಿ, ಕೊನೆಯ ಪುಟ ಮುಟ್ಟಿದವರು ಕಡಿಮೆ. ನಡುವೆ ಕೈಬಿಟ್ಟವರಲ್ಲಿ ಸಾಮಾನ್ಯ ಓದುಗರ ಜೊತೆಗೆ ಆ ಶಾಸ್ತ್ರದಲ್ಲೇ ಪಳಗಿದ ವಿದ್ವಾಂಸರೂ ಇದ್ದಾರೆ. ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಅವರ ‘ಶುದ್ಧ ತರ್ಕಬುದ್ಧಿಯ ವಿಮರ್ಶೆ’ ಇದಕ್ಕೊಂದು ಚೆನ್ನಾಗಿ ದಾಖಲಾದ ನಿದರ್ಶನ. 1781ರಲ್ಲಿ ಅದು ಪ್ರಕಟವಾದಾಗ ಅವರಿಗೆ 57 ವರ್ಷ. ಅದಕ್ಕೆ ಮುನ್ನ ಸುಮಾರು ಹತ್ತು ವರ್ಷ ಹೆಚ್ಚೇನನ್ನೂ ಪ್ರಕಟಿಸದೆ ಅವರು ಒಂದೇ ವಿಷಯದ ಬೆನ್ನು ಹತ್ತಿದ್ದರು. ಮೊದಲ ಮುದ್ರಣ 856 ಪುಟಗಳಷ್ಟಿತ್ತು.

ಬರ್ಲಿನ್ನಿನ ಹೆಸರಾಂತ ಚಿಂತಕ ಮೋಸೆಸ್ ಮೆಂಡೆಲ್ಸೋನ್ ಅವರ ಅಭಿಪ್ರಾಯಕ್ಕೆ ಕಾಂಟ್ ಬಹಳ ಬೆಲೆ ಕೊಡುತ್ತಿದ್ದರು. ಮೆಂಡೆಲ್ಸೋನ್ ಪುಸ್ತಕವನ್ನು ಪಕ್ಕಕ್ಕಿಟ್ಟುಬಿಟ್ಟರು. 1783ರಲ್ಲಿ ಕಾಂಟ್‌ಗೆ ಬರೆದ ಪತ್ರದಲ್ಲಿ, ಅದು ನರಗಳ ಸತ್ವವನ್ನೇ ಹೀರಿಬಿಡುವ ಕೃತಿ, ತಮ್ಮ ದುರ್ಬಲ ಆರೋಗ್ಯಕ್ಕೆ ಅದರ ಓದು ನಿಲುಕುತ್ತಿಲ್ಲ ಎಂಬ ಅರ್ಥದ ಮಾತು ಹೇಳಿದರು. 1782ರ ಜನವರಿಯಲ್ಲಿ ಗಟಿಂಗೆನ್ ನಗರದ ವಿದ್ವತ್ ಪತ್ರಿಕೆಯಲ್ಲಿ ಬಂದ ವಿಮರ್ಶೆಯನ್ನು ಓದಿದ ಕಾಂಟ್, ವಿಮರ್ಶಕರಿಗೆ ತಮ್ಮ ಮುಖ್ಯ ವಾದವೇ ತಿಳಿದಿಲ್ಲವೆಂದು ನೊಂದುಕೊಂಡರು.

ಈ ಓದುಗರು ಜರ್ಮನ್ ಭಾಷೆಯನ್ನೂ ತತ್ತ್ವಶಾಸ್ತ್ರವನ್ನೂ ಚೆನ್ನಾಗಿ ಬಲ್ಲವರು. ಪದ ಗೊತ್ತು, ವ್ಯಾಕರಣ ಗೊತ್ತು, ಆದರೂ ಗ್ರಂಥ ತೆರೆದುಕೊಳ್ಳಲಿಲ್ಲ. ಇದು ಹೇಗಾಗುತ್ತದೆ ಎಂಬುದಕ್ಕೆ ಕಳೆದ ನೂರೈವತ್ತು ವರ್ಷಗಳ ಓದಿನ ವಿಜ್ಞಾನ ಸಾಕಷ್ಟು ಸ್ಪಷ್ಟವಾದ ಉತ್ತರ ಕೊಟ್ಟಿದೆ. ಓದುವಾಗ ಕಣ್ಣಿಗೂ ನೆನಪಿಗೂ ಗಮನಕ್ಕೂ ಅವುಗಳದೇ ಮಿತಿಗಳಿವೆ. ಆ ಮಿತಿಗಳನ್ನು ದಾಟಿಸಬಲ್ಲದ್ದು ಮುಖ್ಯವಾಗಿ ಓದುಗರ ಹಿನ್ನೆಲೆ ಜ್ಞಾನ. ಗ್ರಂಥವು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು ಎಂಬ ತಿಳಿವು ಆ ಹಿನ್ನೆಲೆಯ ತಿರುಳು. ಅದಿಲ್ಲದೆ ಪುಟ ತಿರುವಿದರೆ ಎಷ್ಟು ಶ್ರಮಪಟ್ಟರೂ ಫಲ ಕಡಿಮೆ.

ಕಣ್ಣಿನ ಕೆಲಸ

ಓದುವಾಗ ಕಣ್ಣು ಸಾಲಿನ ಉದ್ದಕ್ಕೂ ಒಂದೇ ಸಮನೆ ಸರಿಯುತ್ತದೆ ಎಂದು ಓದುವವರಿಗೆ ಅನ್ನಿಸುತ್ತದೆ. ಅದು ನಿಜವಲ್ಲವೆಂದು 1870ರ ದಶಕದ ಕೊನೆಯ ಹೊತ್ತಿಗೆ ಪ್ಯಾರಿಸ್ಸಿನ ನೇತ್ರತಜ್ಞ ಎಮಿಲ್ ಜವಾಲ್ ಮತ್ತು ಅವರ ಸಂಗಡಿಗರ ಅಧ್ಯಯನಗಳಿಂದ ತಿಳಿದುಬಂತು. ಕಣ್ಣು ಸಣ್ಣ ಸಣ್ಣ ಜಿಗಿತಗಳಲ್ಲಿ ಮುಂದೆ ಹೋಗುತ್ತದೆ, ಪ್ರತಿ ಜಿಗಿತದ ನಂತರ ಕ್ಷಣಕಾಲ ನಿಲ್ಲುತ್ತದೆ. ಅಕ್ಷರ ಗುರುತಿಸುವ ಕೆಲಸವೆಲ್ಲ ನಡೆಯುವುದು ಈ ನಿಲುಗಡೆಯಲ್ಲಿ. ಇದಕ್ಕೆ ಕಾರಣ ಕಣ್ಣಿನ ರಚನೆಯಲ್ಲೇ ಇದೆ. ಅಕ್ಷಿಪಟಲದ ನಡುವೆ ಫೋವಿಯಾ ಎಂಬ ಪುಟ್ಟ ತಗ್ಗು ಇದೆ; ಸ್ಪಷ್ಟವಾದ ನೋಟ ಅಲ್ಲಿ ಮಾತ್ರ. ಕೈಯನ್ನು ಮುಂದೆ ಚಾಚಿ ಹಿಡಿದಾಗ ಹೆಬ್ಬೆರಳು ಎಷ್ಟು ಅಗಲ ಕಾಣುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಜಾಗ ಅದರ ವ್ಯಾಪ್ತಿ. ಉಳಿದ ಪುಟವೆಲ್ಲ ಮಸುಕು. ಹಾಗಾಗಿ ಓದಬೇಕಾದ ಪ್ರತಿ ತುಣುಕನ್ನೂ ಈ ಜಾಗದ ಮೇಲೆ ತಂದುಕೊಳ್ಳಲು ಕಣ್ಣು ಜಿಗಿಯಲೇಬೇಕು.

ಈ ಜಿಗಿತಗಳನ್ನು ಅತಿ ಸೂಕ್ಷ್ಮವಾಗಿ ಅಳೆದವರಲ್ಲಿ ಅಮೆರಿಕದ ಮನೋವಿಜ್ಞಾನಿ ಕೀತ್ ರೇನರ್ ಪ್ರಮುಖರು. ಇಂಗ್ಲಿಷ್ ಓದುವವರಲ್ಲಿ ಒಂದು ಜಿಗಿತ ಸರಾಸರಿ ಏಳರಿಂದ ಒಂಬತ್ತು ಅಕ್ಷರಗಳಷ್ಟು ದೂರ ಹೋಗುತ್ತದೆ. ನಿಲುಗಡೆ ಸುಮಾರು 200ರಿಂದ 250 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಕಾಲುಭಾಗದಷ್ಟು. ಹತ್ತು ಜಿಗಿತಗಳಲ್ಲಿ ಒಂದು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಹಿಮ್ಮುಖವಾಗಿರುತ್ತವೆ: ಕಣ್ಣು ಈಗಾಗಲೇ ಓದಿದ ಜಾಗಕ್ಕೆ ಮರಳುತ್ತದೆ. ಬರಹ ಬದಲಾದರೆ ಈ ಸಂಖ್ಯೆಗಳೂ ಬದಲಾಗುತ್ತವೆ. ಹಗುರವಾದ ಕಥೆ ಓದುವಾಗ ನಿಲುಗಡೆ 200 ಮಿಲಿಸೆಕೆಂಡ್ ಆಸುಪಾಸಿನಲ್ಲಿದ್ದು, ಹಿಮ್ಮುಖ ಜಿಗಿತ ನೂರಕ್ಕೆ ಮೂರರಷ್ಟೇ ಇರುತ್ತದೆ. ಅದೇ ಓದುಗರು ಜೀವಶಾಸ್ತ್ರದ ಪಠ್ಯಕ್ಕೆ ಬಂದಾಗ ನಿಲುಗಡೆ 260 ಮಿಲಿಸೆಕೆಂಡ್ ದಾಟುತ್ತದೆ, ಜಿಗಿತ ಗಿಡ್ಡವಾಗುತ್ತದೆ, ಹಿಮ್ಮುಖ ಜಿಗಿತ ನೂರಕ್ಕೆ 18ರವರೆಗೆ ಏರುತ್ತದೆ. ತತ್ತ್ವಶಾಸ್ತ್ರದ ಪುಟದಲ್ಲಿ ಒಂದೇ ಸಾಲನ್ನು ಮೂರು ಸಲ ಓದುವವರ ಕಣ್ಣು ಮಾಡುತ್ತಿರುವುದು ಇದನ್ನೇ.

ಹಿಂದಿರುಗಿ ನೋಡುವುದನ್ನು ಕೆಟ್ಟ ಅಭ್ಯಾಸವೆಂದು ಬಗೆದು, ಅದನ್ನು ಬಿಡಿಸಿದರೆ ವೇಗ ಹೆಚ್ಚುತ್ತದೆ ಎಂದು ವೇಗದ ಓದನ್ನು ಕಲಿಸುವವರು ಹೇಳುವುದುಂಟು. 2014ರಲ್ಲಿ ಎಲಿಜಬೆತ್ ಶಾಟರ್, ರೇನರ್ ಮೊದಲಾದವರು ಇದನ್ನು ಪರೀಕ್ಷಿಸಿದರು. ಪರದೆಯ ಮೇಲಿನ ವಾಕ್ಯದಲ್ಲಿ ಕಣ್ಣು ದಾಟಿ ಹೋದ ಪದಗಳು ಕೂಡಲೇ ಮರೆಯಾಗುವಂತೆ ಮಾಡಿದಾಗ ಓದುಗರ ಗ್ರಹಿಕೆ ಕುಸಿಯಿತು. ಹಿಮ್ಮುಖ ಜಿಗಿತ ಅರ್ಥ ಕಟ್ಟುವ ಕೆಲಸದ ಅಂಗ ಎಂಬುದು ಇದರಿಂದ ಖಚಿತವಾಯಿತು. ಕಠಿಣ ಗ್ರಂಥವನ್ನು ನಿಧಾನವಾಗಿ, ಹಿಂದೆ ಮುಂದೆ ಹೋಗುತ್ತ ಓದುವವರು ಸರಿಯಾಗಿಯೇ ಓದುತ್ತಿದ್ದಾರೆ.

ನೆನಪಿನ ಇಕ್ಕಟ್ಟು

ಕಣ್ಣು ತಂದುಕೊಟ್ಟ ಪದಗಳನ್ನು ಮನಸ್ಸು ವಾಕ್ಯದ ಕೊನೆಯವರೆಗೆ ಹಿಡಿದಿಟ್ಟುಕೊಂಡು ಜೋಡಿಸಬೇಕು. ಈ ಕೆಲಸ ನಡೆಯುವ ತಾತ್ಕಾಲಿಕ ತಾಣವನ್ನು ಮನೋವಿಜ್ಞಾನಿಗಳು ಕಾರ್ಯನಿರತ ಸ್ಮೃತಿ ಎನ್ನುತ್ತಾರೆ. ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಅದರ ಪ್ರಸಿದ್ಧ ಮಾದರಿಯೊಂದನ್ನು ಮುಂದಿಟ್ಟರು. ಅದರಲ್ಲಿ ಜಾಗ ತೀರಾ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಆ ಮಿತಿಯನ್ನು ಸುಮಾರು ಏಳು ಘಟಕಗಳೆಂದು ಗುರುತಿಸಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಅದು ನಾಲ್ಕರ ಆಸುಪಾಸು ಎಂದು ವಾದಿಸಿದರು.

ಕಾಂಟ್ ಅವರ ವಾಕ್ಯಗಳಲ್ಲಿ ಒಂದು ಉಪವಾಕ್ಯದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಅಡಗಿರುತ್ತದೆ. ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಕನ್ನಡದ ವಾಕ್ಯವೂ ಹಾಗೆಯೇ ಕ್ರಿಯಾಪದದಲ್ಲಿ ಮುಗಿಯುವುದರಿಂದ ಈ ತೊಡಕು ಕನ್ನಡ ಓದುಗರಿಗೆ ಅಪರಿಚಿತವಲ್ಲ: ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಮೂರು ನಾಲ್ಕು ವಿಶೇಷಣ ವಾಕ್ಯಗಳು ತೂರಿಕೊಂಡರೆ, ಕೊನೆ ಮುಟ್ಟುವಷ್ಟರಲ್ಲಿ ಯಾರು ಏನು ಮಾಡಿದರೆಂಬುದೇ ಜಾರಿಹೋಗುತ್ತದೆ. ಕಾರ್ಯನಿರತ ಸ್ಮೃತಿಯ ಸಾಮರ್ಥ್ಯ ಎಲ್ಲರಲ್ಲೂ ಒಂದೇ ಇರುವುದಿಲ್ಲ. ವಾಕ್ಯಗಳನ್ನು ಓದುತ್ತ ಪ್ರತಿ ವಾಕ್ಯದ ಕೊನೆಯ ಪದವನ್ನು ನೆನಪಿಟ್ಟುಕೊಳ್ಳಬೇಕಾದ ಪರೀಕ್ಷೆಯೊಂದನ್ನು ಮೆರೆಡಿತ್ ಡೇನ್‌ಮನ್ ಮತ್ತು ಪೆಟ್ರೀಷಿಯಾ ಕಾರ್ಪೆಂಟರ್ 1980ರಲ್ಲಿ ರೂಪಿಸಿದರು. ಅದರಲ್ಲಿ ಹೆಚ್ಚು ಪದ ಹಿಡಿದಿಟ್ಟುಕೊಂಡವರು ಗ್ರಹಿಕೆಯ ಪರೀಕ್ಷೆಯಲ್ಲೂ ಮುಂದಿದ್ದರು.

ಆದರೆ ಮಿತಿ ಇರುವುದು ಘಟಕಗಳ ಎಣಿಕೆಗೆ. ಒಂದು ಘಟಕ ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಅಂಥ ಕಟ್ಟಿಲ್ಲ. ‘ಪೂರ್ವಪಕ್ಷ’ ಎಂಬ ಮಾತು ಶಾಸ್ತ್ರ ಓದಿದವರಿಗೆ ಒಂದೇ ಘಟಕ. ಎದುರಾಳಿಯ ವಾದ, ಅದನ್ನು ಮೊದಲು ನ್ಯಾಯವಾಗಿ ಮಂಡಿಸುವ ಕ್ರಮ, ನಂತರ ಬರಲಿರುವ ಖಂಡನೆ ಎಲ್ಲವೂ ಅದರೊಳಗೆ ಅಡಕ. ಹೊಸಬರಿಗೆ ಇವೆಲ್ಲ ಬಿಡಿಬಿಡಿಯಾಗಿ ಜಾಗ ಬೇಡುತ್ತವೆ. ತಮ್ಮ ಕ್ಷೇತ್ರದ ಬರಹ ಓದುವ ತಜ್ಞರು ದೀರ್ಘಕಾಲಿಕ ನೆನಪನ್ನೇ ಕಾರ್ಯನಿರತ ಸ್ಮೃತಿಯ ವಿಸ್ತರಣೆಯಂತೆ ಬಳಸುತ್ತಾರೆ ಎಂದು ಆ್ಯಂಡರ್ಸ್ ಎರಿಕ್‌ಸನ್ ಮತ್ತು ವಾಲ್ಟರ್ ಕಿಂಚ್ 1995ರಲ್ಲಿ ಪ್ರತಿಪಾದಿಸಿದರು. ಇಕ್ಕಟ್ಟು ಬಿಡಿಸುವ ದಾರಿ ಹಿಂದೆ ಕಲಿತದ್ದರಲ್ಲಿದೆ.

ಅರ್ಥದ ಮೂರು ಹಂತ

ಓದಿದ್ದು ಅರ್ಥವಾಯಿತು ಎನ್ನುವಾಗ ನಿಜಕ್ಕೂ ಏನಾಗಿರುತ್ತದೆ? ಕಿಂಚ್ ಮತ್ತು ಡಚ್ ಭಾಷಾವಿಜ್ಞಾನಿ ಟೋನ್ ವಾನ್ ಡೈಕ್ ಇದನ್ನು ಹಂತಗಳಲ್ಲಿ ವಿವರಿಸಿದರು. ಮೊದಲನೆಯದು ಪದಗಳು ಮತ್ತು ವಾಕ್ಯರಚನೆ, ಇದು ಬೇಗ ಅಳಿಸಿಹೋಗುತ್ತದೆ. ಕೇಳಿ ಅರೆನಿಮಿಷವಾಗುವಷ್ಟರಲ್ಲಿ ವಾಕ್ಯದ ರೂಪ ಮರೆತು ತಾತ್ಪರ್ಯವಷ್ಟೇ ಉಳಿಯುತ್ತದೆಂದು ಜಾಕ್ವೆಲಿನ್ ಸ್ಯಾಕ್ಸ್ 1967ರಲ್ಲಿ ಪ್ರಯೋಗದಿಂದ ತೋರಿಸಿದ್ದರು. ಎರಡನೆಯದು ಬರಹ ನೇರವಾಗಿ ಹೇಳಿದ ಮಾತುಗಳ ಜಾಲ. ಮೂರನೆಯದು ಸನ್ನಿವೇಶದ ಮಾದರಿ: ಬರಹ ಹೇಳಿದ್ದನ್ನು ಓದುಗರು ತಮಗೆ ಗೊತ್ತಿರುವುದರೊಂದಿಗೆ ಬೆಸೆದು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಚಿತ್ರ. ಎರಡನೆಯ ಹಂತದಲ್ಲಿ ನಿಂತವರು ಪುಟದ ಸಾರಾಂಶ ಹೇಳಬಲ್ಲರು. ಲೇಖಕರು ಮುಂದೆ ಯಾವ ಕಡೆ ತಿರುಗಬಹುದು, ಹೊಸ ಆಕ್ಷೇಪಕ್ಕೆ ಏನು ಉತ್ತರ ಕೊಟ್ಟಾರು ಎಂದು ಹೇಳಲು ಮೂರನೆಯ ಹಂತ ಬೇಕು.

ಈ ಮೂರನೆಯ ಹಂತ ಕೈಗೂಡದಿದ್ದಾಗ ಏನಾಗುತ್ತದೆಂಬುದನ್ನು ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರ ಪ್ರಯೋಗವೊಂದರಲ್ಲಿ ತೋರಿಸಿದರು. ಅವರು ಜನರಿಗೆ ಒಂದು ಪುಟ್ಟ ಗದ್ಯಭಾಗ ಕೇಳಿಸಿದರು. ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುವುದು, ಸೌಕರ್ಯವಿಲ್ಲದಿದ್ದರೆ ಬೇರೆಡೆಗೆ ಹೋಗುವುದು, ಒಮ್ಮೆಗೇ ಅತಿಯಾಗಿ ಮಾಡಲು ಹೋಗದಿರುವುದು ಮುಂತಾದ ಸೂಚನೆಗಳು ಅದರಲ್ಲಿದ್ದವು. ಒಂದೂ ಕಠಿಣ ಪದವಿಲ್ಲ, ವಾಕ್ಯಗಳೂ ಸರಳ. ಆದರೂ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ಗದ್ಯದಲ್ಲಿದ್ದ 18 ಅಂಶಗಳಲ್ಲಿ ಅವರು ನೆನಪಿಸಿಕೊಂಡದ್ದು ಸರಾಸರಿ 2.8. ಇನ್ನೊಂದು ಗುಂಪಿಗೆ, ಇದು ಬಟ್ಟೆ ಒಗೆಯುವುದರ ವಿಷಯ ಎಂದು ಮೊದಲೇ ತಿಳಿಸಲಾಗಿತ್ತು. ಅವರು 5.8 ಅಂಶಗಳನ್ನು, ಅಂದರೆ ಎರಡರಷ್ಟನ್ನು, ನೆನಪಿಟ್ಟುಕೊಂಡರು. ಮೂರನೆಯ ಗುಂಪಿಗೆ ಅದೇ ಸುಳಿವನ್ನು ಕೇಳಿ ಮುಗಿದ ಮೇಲೆ ಕೊಡಲಾಯಿತು. ಅದರಿಂದ ಏನೂ ಉಪಯೋಗವಾಗಲಿಲ್ಲ. ಅವರ ಸರಾಸರಿ ಮೊದಲ ಗುಂಪಿನಷ್ಟೇ ಇತ್ತು. ವಿಷಯದ ಚೌಕಟ್ಟು ಓದಿಗೆ ಮುಂಚೆಯೇ ಕೈಯಲ್ಲಿರಬೇಕು.

ಹಿನ್ನೆಲೆ ಜ್ಞಾನದ ಬಲ ಎಷ್ಟೆಂಬುದನ್ನು ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಇನ್ನೂ ನೇರವಾಗಿ ಅಳೆದರು. ಬೇಸ್‌ಬಾಲ್ ಪಂದ್ಯವೊಂದರ ವರ್ಣನೆಯನ್ನು 64 ಶಾಲಾ ವಿದ್ಯಾರ್ಥಿಗಳು ಓದಿದರು. ಓದಿನ ಪರೀಕ್ಷೆಗಳಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಆ ವರ್ಣನೆಯನ್ನು ನೆನಪಿಸಿಕೊಂಡು ನಿರೂಪಿಸಿದರು. ಓದುವ ಸಾಮರ್ಥ್ಯ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ವಿಷಯಜ್ಞಾನದ್ದೇ.

ಉದಾಹರಣೆ ಇಲ್ಲದ ಬರಹ

ತತ್ತ್ವಶಾಸ್ತ್ರದ ಬರಹಕ್ಕೆ ಇನ್ನೊಂದು ವಿಶೇಷ ತೊಡಕಿದೆ. ಅದರ ಪದಗಳು ಬಹುಪಾಲು ಅಮೂರ್ತ: ಕಾರಣ, ದ್ರವ್ಯ, ಸಂಬಂಧ, ಸತ್ತೆ. ‘ಮಾವಿನಕಾಯಿ’ ಎಂದಾಗ ಪದದ ಜೊತೆಗೇ ಬಣ್ಣ, ವಾಸನೆ, ಹುಳಿ ಮನಸ್ಸಿಗೆ ಬರುತ್ತವೆ. ‘ಸತ್ತೆ’ ಎಂದಾಗ ಅಂಥದ್ದೇನೂ ಬರುವುದಿಲ್ಲ. ಮೂರ್ತ ಪದಗಳು ಮಾತಿನಲ್ಲೂ ಚಿತ್ರದಲ್ಲೂ ಎರಡು ಬಗೆಯಾಗಿ ದಾಖಲಾಗುವುದರಿಂದ ಹೆಚ್ಚು ನೆನಪಿರುತ್ತವೆ ಎಂಬುದು ಕೆನಡಾದ ಅಲನ್ ಪೈವಿಯೊ ಅವರ ವಿವರಣೆ. ಪೌಲಾ ಶ್ವಾನೆನ್‌ಫ್ಲೂಗೆಲ್ ಮತ್ತು ಎಡ್ವರ್ಡ್ ಶೋಬೆನ್ 1983ರಲ್ಲಿ ಇದಕ್ಕೊಂದು ಮುಖ್ಯ ಸೇರ್ಪಡೆ ಮಾಡಿದರು. ಬಿಡಿಯಾಗಿ ಕೊಟ್ಟಾಗ ಅಮೂರ್ತ ವಾಕ್ಯಗಳ ಗ್ರಹಿಕೆ ನಿಧಾನ. ತಕ್ಕ ಸಂದರ್ಭ ಕಟ್ಟಿಕೊಟ್ಟು ಓದಿಸಿದರೆ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಹಾಗಾದರೆ ಅಮೂರ್ತತೆಯ ಕಷ್ಟದಲ್ಲಿ ಹೆಚ್ಚಿನ ಪಾಲು ಸಂದರ್ಭ ಸಿಗದಿರುವುದರ ಕಷ್ಟ.

ಕಾಂಟ್ ಈ ವಿಷಯದಲ್ಲಿ ತಿಳಿದೇ ಒಂದು ಆಯ್ಕೆ ಮಾಡಿದ್ದರು. ಮೊದಲ ಕರಡಿನಲ್ಲಿ ಉದಾಹರಣೆಗಳೂ ವಿವರಣೆಗಳೂ ಇದ್ದವೆಂದು, ಗ್ರಂಥ ಈಗಾಗಲೇ ಬಹಳ ದೊಡ್ಡದಾದ್ದರಿಂದ ಅವನ್ನು ಕೈಬಿಟ್ಟೆನೆಂದು 1781ರ ಮುನ್ನುಡಿಯಲ್ಲಿ ಅವರೇ ಹೇಳಿದ್ದಾರೆ. ಉದಾಹರಣೆಗಳು ಜನಪ್ರಿಯ ಓದಿಗೆ ಬೇಕಾದವು, ಶಾಸ್ತ್ರ ಬಲ್ಲವರಿಗೆ ಅವುಗಳ ಅಗತ್ಯ ಅಷ್ಟಿಲ್ಲ ಎಂಬುದು ಅವರ ನಿಲುವಾಗಿತ್ತು. ಹನ್ನೆರಡು ವರ್ಷ ಚಿಂತಿಸಿದ್ದನ್ನು ನಾಲ್ಕೈದು ತಿಂಗಳಲ್ಲಿ ಬರೆದು ಮುಗಿಸಿದೆನೆಂದೂ ಅವರು ಮೆಂಡೆಲ್ಸೋನ್‌ಗೆ ತಿಳಿಸಿದ್ದರು. ಅಷ್ಟು ವರ್ಷ ವಿಷಯದೊಡನೆ ಬದುಕಿದವರಿಗೆ ಸಂದರ್ಭವೆಲ್ಲ ಮನಸ್ಸಿನಲ್ಲೇ ಇತ್ತು. ಓದುಗರಿಗೆ ಅದು ಪುಟದಲ್ಲಿ ಸಿಗಬೇಕಿತ್ತು.

ಅಲೆಯುವ ಗಮನ, ತಿಳಿದ ಭ್ರಮೆ

ಕಣ್ಣು ಸಾಲಿನ ಮೇಲೆ ಓಡುತ್ತಿದ್ದರೂ ಮನಸ್ಸು ಬೇರೆಲ್ಲೋ ಇರುವುದು ಎಲ್ಲ ಓದುಗರ ಅನುಭವ. ಜೊನಾಥನ್ ಸ್ಕೂಲರ್ ಮತ್ತು ಸಂಗಡಿಗರು ಓದುತ್ತಿರುವವರನ್ನು ನಡುನಡುವೆ ತಡೆದು, ಈಗ ಮನಸ್ಸು ಎಲ್ಲಿದೆ ಎಂದು ಕೇಳುವ ವಿಧಾನದಿಂದ ಇದನ್ನು ಅಳೆದರು. ಓದಿನ ಸಮಯದ ಶೇ 20ರಿಂದ 40ರಷ್ಟು ಭಾಗದಲ್ಲಿ ಗಮನ ಅಲೆಯುತ್ತಿರುತ್ತದೆ ಎಂದು ಇಂಥ ಅಧ್ಯಯನಗಳು ತೋರಿಸಿವೆ. ಅಲೆಯುತ್ತಿರುವುದು ಸ್ವತಃ ಓದುಗರಿಗೇ ಎಷ್ಟೋ ಸಲ ತಿಳಿದಿರುವುದಿಲ್ಲ. ಎರಿಕ್ ರೈಕ್ಲ್, ಸ್ಕೂಲರ್ ಮೊದಲಾದವರು 2010ರಲ್ಲಿ ಜೇನ್ ಆಸ್ಟಿನ್ ಅವರ ಕಾದಂಬರಿ ಓದುತ್ತಿದ್ದವರ ಕಣ್ಣಿನ ಚಲನೆ ದಾಖಲಿಸಿದಾಗ ಈ ಸ್ಥಿತಿಯ ಗುರುತೊಂದು ಸಿಕ್ಕಿತು. ಗಮನವಿಟ್ಟು ಓದುವಾಗ ಕಣ್ಣು ಅಪರೂಪದ ಉದ್ದ ಪದಗಳ ಮೇಲೆ ಹೆಚ್ಚು ಹೊತ್ತು, ಪರಿಚಿತ ಪದಗಳ ಮೇಲೆ ಕಡಿಮೆ ಹೊತ್ತು ನಿಲ್ಲುತ್ತದೆ. ಮನಸ್ಸು ಅಲೆಯುವಾಗ ಈ ವ್ಯತ್ಯಾಸ ಕರಗುತ್ತದೆ. ನಿಲುಗಡೆಗಳು ಉದ್ದವಾಗುತ್ತವೆ, ಆದರೆ ಪದದ ಸ್ವರೂಪಕ್ಕೆ ಸ್ಪಂದಿಸುವುದಿಲ್ಲ.

ಬರಹ ಕಠಿಣವಾದಷ್ಟೂ ಗಮನ ಬಿಗಿಯಾಗುತ್ತದೆಂದು ಊಹಿಸುವುದು ಸಹಜ. ಶಿ ಫೆಂಗ್, ಸಿಡ್ನಿ ಡಿ’ಮೆಲ್ಲೊ ಮತ್ತು ಆರ್ಥರ್ ಗ್ರೇಸರ್ 2013ರಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡರು: ಸುಲಭ ಪಠ್ಯಕ್ಕಿಂತ ಕಠಿಣ ಪಠ್ಯ ಓದುವಾಗ ಮನಸ್ಸು ಹೆಚ್ಚು ಅಲೆಯಿತು. ಸನ್ನಿವೇಶದ ಮಾದರಿ ಕಟ್ಟಲಾಗದಿದ್ದಾಗ ಗಮನಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ ಎಂಬುದು ಅವರು ಕೊಟ್ಟ ವಿವರಣೆಯ ಸಾರ. ಹೀಗಾಗಿ ತತ್ತ್ವಗ್ರಂಥದ ಮುಂದೆ ಕುಳಿತವರ ಮನಸ್ಸು ಜಾರುವುದಕ್ಕೆ ಸೋಮಾರಿತನವನ್ನು ದೂರಬೇಕಿಲ್ಲ. ಅದು ಅರ್ಥ ಕಟ್ಟುವ ಕೆಲಸ ಎಲ್ಲೋ ನಿಂತುಹೋಗಿದೆ ಎಂಬುದರ ಸೂಚನೆ. ಕೊನೆಯ ಬಾರಿ ಸ್ಪಷ್ಟವಾಗಿದ್ದ ಜಾಗಕ್ಕೆ ಮರಳುವುದು ಅದಕ್ಕೆ ಸರಿಯಾದ ಉತ್ತರ.

ಇದಕ್ಕಿಂತ ಅಪಾಯದ್ದು ತಿಳಿಯದೆಯೇ ತಿಳಿದಂತೆ ಅನ್ನಿಸುವುದು. ಆರ್ಥರ್ ಗ್ಲೆನ್‌ಬರ್ಗ್ ಮತ್ತು ಸಂಗಡಿಗರು 1982ರಲ್ಲಿ ಓದುಗರಿಗೆ ಪರಸ್ಪರ ವಿರುದ್ಧವಾದ ವಾಕ್ಯಗಳಿರುವ ಗದ್ಯಭಾಗಗಳನ್ನು ಕೊಟ್ಟರು. ಅನೇಕರು ವಿರೋಧವನ್ನು ಗಮನಿಸದೆ ದಾಟಿ ಹೋದರು, ತಮಗೆ ಚೆನ್ನಾಗಿ ಅರ್ಥವಾಗಿದೆ ಎಂದೂ ಹೇಳಿದರು. ಪುಟದ ಪರಿಚಯವನ್ನೇ ಮನಸ್ಸು ತಿಳಿವೆಂದು ಎಣಿಸುತ್ತದೆ. ಪದೇಪದೇ ಓದಿದರೆ ಪರಿಚಯ ಹೆಚ್ಚುತ್ತದೆ, ತಿಳಿವು ಅಷ್ಟೇ ಹೆಚ್ಚುತ್ತದೆ ಎಂಬ ಖಾತರಿಯಿಲ್ಲ.

ನಲವತ್ತು ಸಲದ ಓದು

ಮರು ಓದಿನ ಮಿತಿಗೆ ಇತಿಹಾಸದಲ್ಲಿ ಅತಿ ಪ್ರಸಿದ್ಧವಾದ ಸಾಕ್ಷಿ ಇಬ್ನ್ ಸೀನಾ ಅವರದು. 980ರಲ್ಲಿ ಬುಖಾರಾದ ಬಳಿ ಹುಟ್ಟಿ ವೈದ್ಯರಾಗಿಯೂ ತತ್ತ್ವಜ್ಞಾನಿಯಾಗಿಯೂ ಹೆಸರಾದ ಅವರು ತಮ್ಮ ಆತ್ಮಕಥನದಲ್ಲಿ ಈ ಪ್ರಸಂಗ ಹೇಳಿದ್ದಾರೆ. ತರ್ಕ, ಗಣಿತ, ವೈದ್ಯ ಎಲ್ಲವನ್ನೂ ಹರೆಯದಲ್ಲೇ ಕರಗತ ಮಾಡಿಕೊಂಡಿದ್ದ ಅವರು ಅರಿಸ್ಟಾಟಲ್‌ನ ‘ಮೆಟಾಫಿಸಿಕ್ಸ್’ ಮುಂದೆ ಸೋತರು. ನಲವತ್ತು ಸಲ ಓದಿದರು. ಗ್ರಂಥ ಬಾಯಿಪಾಠವಾಯಿತು, ಅದರ ಉದ್ದೇಶ ಮಾತ್ರ ತಿಳಿಯಲಿಲ್ಲ. ಇದು ಅರ್ಥವಾಗುವ ಪುಸ್ತಕವೇ ಅಲ್ಲವೆಂದು ಕೈಚೆಲ್ಲಿದರು. ಒಂದು ದಿನ ಮಧ್ಯಾಹ್ನದ ಮೇಲೆ ಪುಸ್ತಕದ ಅಂಗಡಿಗಳ ಬೀದಿಯಲ್ಲಿ ಮಾರಾಟಗಾರನೊಬ್ಬ ಒಂದು ಪುಸ್ತಕ ತೋರಿಸಿ ಕೂಗುತ್ತಿದ್ದ. ಇಬ್ನ್ ಸೀನಾ ಬೇಸರದಿಂದ ಬೇಡವೆಂದರು. ಇದರ ಒಡೆಯನಿಗೆ ಹಣದ ಅಡಚಣೆಯಿದೆ, ಮೂರು ದಿರ್ಹಮ್‌ಗೆ ಕೊಡುತ್ತೇನೆ ಎಂದು ಅವನು ಒತ್ತಾಯಿಸಿದ ಮೇಲೆ ಕೊಂಡುಕೊಂಡರು. ಅದು ‘ಮೆಟಾಫಿಸಿಕ್ಸ್’ ಗ್ರಂಥದ ಉದ್ದೇಶಗಳನ್ನು ಕುರಿತು ತತ್ತ್ವಜ್ಞಾನಿ ಅಲ್ ಫಾರಾಬಿ ಬರೆದಿದ್ದ ಪುಟ್ಟ ಪ್ರಬಂಧ. ಮನೆಗೆ ಬಂದು ಅವಸರದಿಂದ ಓದಿದೊಡನೆ, ಬಾಯಿಪಾಠವಾಗಿದ್ದ ಗ್ರಂಥದ ಉದ್ದೇಶ ಬಿಚ್ಚಿಕೊಂಡಿತು. ಮರುದಿನ ಅವರು ಬಡವರಿಗೆ ದಾನ ಮಾಡಿ ಕೃತಜ್ಞತೆ ಸಲ್ಲಿಸಿದರು.

ಫಾರಾಬಿ ಅವರ ಪ್ರಬಂಧ ಅರಿಸ್ಟಾಟಲ್‌ನ ವಾಕ್ಯಗಳನ್ನು ಒಂದೊಂದಾಗಿ ಬಿಡಿಸುವ ಟೀಕೆಯಲ್ಲ. ಆ ಗ್ರಂಥದ ವಿಷಯ ದೇವರೊಂದೇ ಎಂದು ಜನ ಭಾವಿಸುತ್ತಾರೆ, ವಾಸ್ತವದಲ್ಲಿ ಅದು ಇರುವುದೆಲ್ಲದಕ್ಕೂ ಸಾಮಾನ್ಯವಾದದ್ದನ್ನು ವಿಚಾರಿಸುತ್ತದೆ ಎಂದು ತಿಳಿಸಿ, ಪ್ರತಿ ಭಾಗವೂ ಯಾವುದರ ಬಗ್ಗೆ ಇದೆಯೆಂದು ಅದು ಹೇಳುತ್ತದೆ. ಇಬ್ನ್ ಸೀನಾ ಬಳಿ ವಾಕ್ಯಗಳೆಲ್ಲ ಇದ್ದವು, ಪ್ರಶ್ನೆ ಇರಲಿಲ್ಲ. ಆ ಕೊರತೆಯನ್ನು ನಲವತ್ತು ಸಲದ ಓದು ತುಂಬಲಿಲ್ಲ, ಕೆಲವೇ ಪುಟಗಳು ತುಂಬಿದವು.

ಕಾಂಟ್ ಕೂಡ ಇದೇ ದಾರಿ ಹಿಡಿದರು. 1783ರಲ್ಲಿ ಅವರು ‘ಪ್ರೊಲೆಗೊಮೆನಾ’ ಎಂಬ ಚಿಕ್ಕ ಪುಸ್ತಕ ಪ್ರಕಟಿಸಿದರು. ಅದರಲ್ಲಿ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಎತ್ತಿದ ಸಂದೇಹವನ್ನು ಮೊದಲಿಗೇ ಇಟ್ಟರು. ಒಂದು ಘಟನೆಯ ನಂತರ ಇನ್ನೊಂದು ನಡೆಯುವುದನ್ನು ನಾವು ನೋಡುತ್ತೇವೆ, ಒಂದು ಇನ್ನೊಂದನ್ನು ಅನಿವಾರ್ಯವಾಗಿ ಉಂಟುಮಾಡುವುದನ್ನು ಎಲ್ಲೂ ನೋಡುವುದಿಲ್ಲ. ಹಾಗಿದ್ದರೆ ಪ್ರತಿ ಘಟನೆಗೂ ಕಾರಣವಿದೆ ಎಂಬ ಖಾತರಿ ಎಲ್ಲಿಂದ ಬಂತು? ಗಣಿತವೂ ಭೌತವಿಜ್ಞಾನವೂ ಇಂಥ ಖಾತರಿಯ ಜ್ಞಾನವನ್ನು ಈಗಾಗಲೇ ಕೊಡುತ್ತಿವೆ. ಅದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯಿಂದ ಹೊರಟರೆ ದೊಡ್ಡ ಗ್ರಂಥದ ಅಧ್ಯಾಯಗಳು ಒಂದರ ಹಿಂದೊಂದು ಏಕೆ ಬರುತ್ತವೆಂಬುದು ಕಾಣತೊಡಗುತ್ತದೆ. 1787ರ ಎರಡನೆಯ ಆವೃತ್ತಿಯಲ್ಲಿ ಕಾಂಟ್ ಪ್ರಸ್ತಾವನೆಯನ್ನು ಹಿಗ್ಗಿಸಿ ಈ ಮೂಲ ಪ್ರಶ್ನೆಯನ್ನು ಅಲ್ಲೇ ಎದ್ದು ಕಾಣುವಂತೆ ಮಾಡಿದರು. ಅಷ್ಟರಲ್ಲಿ ಯೊಹಾನ್ ಶುಲ್ಟ್ಸ್ ಅವರ ವಿವರಣಾ ಗ್ರಂಥ 1784ರಲ್ಲಿ ಬಂದಿತ್ತು. 1786ರಿಂದ ಕಾರ್ಲ್ ಲೆಯೊನ್‌ಹಾರ್ಡ್ ರೈನ್‌ಹೋಲ್ಡ್ ಪತ್ರಿಕೆಯಲ್ಲಿ ಬರೆದ ಪತ್ರರೂಪದ ಲೇಖನಗಳು ಧರ್ಮ, ನೀತಿಗಳ ಪ್ರಶ್ನೆಗಳಿಗೆ ಕಾಂಟ್ ಏನು ಉತ್ತರ ಕೊಡುತ್ತಾರೆಂದು ತೋರಿಸಿದವು. ಕೆಲವೇ ವರ್ಷಗಳ ಹಿಂದೆ ಓದುಗರಿಲ್ಲದಿದ್ದ ಗ್ರಂಥ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚರ್ಚೆಯ ಕೇಂದ್ರವಾಯಿತು.

ಶಾಸ್ತ್ರಪಾಠದ ಕ್ರಮ

ಭಾರತದ ಶಾಸ್ತ್ರ ಪರಂಪರೆ ಈ ಅಗತ್ಯವನ್ನು ಬರವಣಿಗೆಯ ನಿಯಮದಲ್ಲೇ ಅಳವಡಿಸಿಕೊಂಡಿತ್ತು. ಶಾಸ್ತ್ರಗ್ರಂಥದ ಆರಂಭದಲ್ಲಿ ನಾಲ್ಕು ಸಂಗತಿ ತಿಳಿಸಬೇಕು: ಯಾರು ಓದಲು ಅಧಿಕಾರಿ, ವಿಷಯ ಯಾವುದು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಓದಿದ್ದರಿಂದ ಪ್ರಯೋಜನವೇನು. ಇದಕ್ಕೆ ಅನುಬಂಧ ಚತುಷ್ಟಯ ಎಂದು ಹೆಸರು. ಬ್ರಹ್ಮಸೂತ್ರಗಳ ಮೇಲಿನ ಭಾಷ್ಯಗಳು ಅಧಿಕರಣಗಳಾಗಿ ವಿಂಗಡಣೆಯಾಗಿವೆ. ಪ್ರತಿ ಅಧಿಕರಣದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳು. ಸಂಶಯವೇನೆಂದು ತಿಳಿಯದೆ ಸಿದ್ಧಾಂತಕ್ಕೆ ಹೋಗಲು ಈ ರಚನೆ ಬಿಡುವುದಿಲ್ಲ. ಬಟ್ಟೆ ಒಗೆಯುವ ಪ್ರಯೋಗದಲ್ಲಿ ಮೊದಲೇ ಸುಳಿವು ಸಿಕ್ಕ ಗುಂಪಿನ ಅನುಕೂಲ ಇಲ್ಲಿ ಓದುವ ಪ್ರತಿಯೊಬ್ಬರಿಗೂ ಸಿಗುತ್ತದೆ.

ಕರ್ನಾಟಕದ ಮಾಧ್ವ ಪರಂಪರೆಯಲ್ಲಿ ‘ನ್ಯಾಯಸುಧಾ’ ಅಧ್ಯಯನ ಇದಕ್ಕೆ ಇಂದಿಗೂ ಜೀವಂತ ಉದಾಹರಣೆ. ಮಧ್ವಾಚಾರ್ಯರ ‘ಅನುವ್ಯಾಖ್ಯಾನ’ಕ್ಕೆ 14ನೇ ಶತಮಾನದಲ್ಲಿ ಜಯತೀರ್ಥರು ಬರೆದ ಈ ವಿಸ್ತಾರವಾದ ಟೀಕೆಗೆ 17ನೇ ಶತಮಾನದಲ್ಲಿ ರಾಘವೇಂದ್ರ ಸ್ವಾಮಿಗಳು ‘ಪರಿಮಳ’ ಎಂಬ ವ್ಯಾಖ್ಯಾನ ರಚಿಸಿದರು. ವಿದ್ಯಾರ್ಥಿಗಳು ನೇರವಾಗಿ ಈ ಗ್ರಂಥಕ್ಕೆ ಕೈಹಾಕುವುದಿಲ್ಲ. ಕಾವ್ಯ, ವ್ಯಾಕರಣ, ತರ್ಕಗಳ ಅಭ್ಯಾಸವಾದ ಮೇಲೆ, ಗುರುಗಳ ಎದುರು ಕುಳಿತು, ದಿನಕ್ಕಿಷ್ಟು ಪಾಠದಂತೆ ವರ್ಷಗಟ್ಟಲೆ ಓದುತ್ತಾರೆ. ಓದಿದ್ದನ್ನು ಅನುವಾದ ಮಾಡಿ, ಅಂದರೆ ಮತ್ತೆ ಹೇಳಿ, ಒಪ್ಪಿಸುತ್ತಾರೆ, ವಾಕ್ಯಾರ್ಥ ಸಭೆಗಳಲ್ಲಿ ವಾದಿಸುತ್ತಾರೆ. ಪಾಠ ಪೂರ್ತಿಯಾದಾಗ ಸುಧಾಮಂಗಳ ಎಂಬ ಉತ್ಸವ ನಡೆಯುತ್ತದೆ. ಒಂದು ಗ್ರಂಥ ಓದಿ ಮುಗಿಸಿದ್ದಕ್ಕೆ ಸಮಾಜವೇ ಸೇರಿ ಸಂಭ್ರಮಿಸುವ ಈ ಪದ್ಧತಿ ಅಂಥ ಓದು ಎಷ್ಟು ದೊಡ್ಡ ಸಾಧನೆಯೆಂಬುದನ್ನು ಸರಿಯಾಗಿ ಗುರುತಿಸಿದೆ. ಸಂಸ್ಕೃತ ಬಾರದ ಓದುಗರಿಗಾಗಿ ಶಂಕರಾಚಾರ್ಯರ ಭಾಷ್ಯಗಳನ್ನು ಕನ್ನಡಕ್ಕೆ ತಂದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳ ಕೆಲಸವೂ, ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಪ್ರಕಟಣೆಗಳೂ ಇದೇ ಸೇವೆಯ ಇನ್ನೊಂದು ರೂಪ.

ಓದಿದ್ದು ಉಳಿಯುವ ಬಗೆ

ಪಾಠ ಒಪ್ಪಿಸುವ ಪದ್ಧತಿಗೆ ಪ್ರಯೋಗಗಳ ಬೆಂಬಲವಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಒಂದು ಗುಂಪಿಗೆ ಗದ್ಯಭಾಗವನ್ನು ನಾಲ್ಕು ಅವಧಿ ಓದಿಸಿದರು. ಇನ್ನೊಂದಕ್ಕೆ ಒಂದು ಅವಧಿ ಓದಿಸಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಾದದ್ದನ್ನು ಬರೆಸಿದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಓದುತ್ತಲೇ ಇದ್ದವರು ಮುಂದಿದ್ದರು: ಶೇ 83ಕ್ಕೆ ಎದುರಾಗಿ ಶೇ 71. ಒಂದು ವಾರದ ನಂತರ ಲೆಕ್ಕ ತಲೆಕೆಳಗಾಯಿತು. ಓದುತ್ತಲೇ ಇದ್ದವರಲ್ಲಿ ಉಳಿದದ್ದು ಶೇ 40, ನೆನಪಿನಿಂದ ಬರೆದವರಲ್ಲಿ ಶೇ 61. ಮಿಶೆಲಿನ್ ಚೀ ಮತ್ತು ಸಂಗಡಿಗರು 1994ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ರಕ್ತಪರಿಚಲನೆಯ ಪಾಠ ಕೊಟ್ಟು, ಪ್ರತಿ ಸಾಲಿನ ನಂತರ ಅದರ ಅರ್ಥವನ್ನು ತಮ್ಮ ಮಾತಿನಲ್ಲಿ ತಮಗೇ ವಿವರಿಸಿಕೊಳ್ಳಲು ಹೇಳಿದರು. ಅದೇ ಪಾಠವನ್ನು ಎರಡು ಸಲ ಓದಿದವರಿಗಿಂತ ಇವರು ಹೆಚ್ಚು ಕಲಿತರು. ಕಲಿಕೆಯನ್ನು ದಿನಗಳಲ್ಲಿ ಹಂಚಿಕೊಂಡರೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದಂತೂ 1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ನೆನಪಿನ ಬಗ್ಗೆ ಬರೆದ ಕಾಲದಿಂದ ಸ್ಥಿರಪಟ್ಟ ಸಂಗತಿ.

ಇವೆಲ್ಲವನ್ನೂ ಕೂಡಿಸಿದರೆ ಕಠಿಣ ಗ್ರಂಥಕ್ಕೆ ತಕ್ಕ ಓದಿನ ಕ್ರಮ ರೂಪುಗೊಳ್ಳುತ್ತದೆ. ಮೊದಲು ಗ್ರಂಥದ ಹಿಂದಿನ ಪ್ರಶ್ನೆ ಮತ್ತು ಅದರ ಎದುರಾಳಿಗಳ ವಾದವನ್ನು ಒಂದು ಚಿಕ್ಕ ಪರಿಚಯ ಗ್ರಂಥದಿಂದ ತಿಳಿಯುವುದು. ನಂತರ ಪರಿವಿಡಿಯನ್ನು ಆ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು. ದಿನಕ್ಕೆ ಕೆಲವೇ ಪುಟ ಓದಿ, ಪುಸ್ತಕ ಮುಚ್ಚಿ ವಾದವನ್ನು ತಮ್ಮ ಮಾತಿನಲ್ಲಿ ಬರೆಯುವುದು. ಲೇಖಕರು ಕೊಡದ ಉದಾಹರಣೆಯನ್ನು ತಾವೇ ಹುಡುಕುವುದು. ಸಾಧ್ಯವಾದರೆ ಜೊತೆಗೂಡಿ ಓದಿ ಚರ್ಚಿಸುವುದು.

ಮುಗಿಸುವುದು ಎಂದರೆ

ಕಠಿಣ ಬರಹವನ್ನೆಲ್ಲ ಸುಲಭ ಮಾಡಿಬಿಟ್ಟರೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಡ್ಯಾನಿಯಲ್ ಮ್ಯಾಕ್‌ನಮಾರಾ, ಕಿಂಚ್ ಮತ್ತು ಸಂಗಡಿಗರು 1996ರಲ್ಲಿ ಒಂದೇ ವಿಷಯದ ಎರಡು ಪಠ್ಯಗಳನ್ನು ಹೋಲಿಸಿದರು. ಒಂದರಲ್ಲಿ ವಾಕ್ಯಗಳ ನಡುವಿನ ಸಂಬಂಧವೆಲ್ಲ ಬಿಡಿಸಿ ಹೇಳಲಾಗಿತ್ತು, ಇನ್ನೊಂದರಲ್ಲಿ ಓದುಗರೇ ತುಂಬಿಕೊಳ್ಳಬೇಕಾದ ತೆರಪುಗಳಿದ್ದವು. ವಿಷಯದ ಹಿನ್ನೆಲೆ ಇಲ್ಲದವರಿಗೆ ಮೊದಲನೆಯದು ಹೆಚ್ಚು ನೆರವಾಯಿತು. ಹಿನ್ನೆಲೆ ಇದ್ದವರು ಎರಡನೆಯದನ್ನು ಓದಿದಾಗ ಆಳವಾದ ಪ್ರಶ್ನೆಗಳಿಗೆ ಉತ್ತಮವಾಗಿ ಉತ್ತರಿಸಿದರು, ಏಕೆಂದರೆ ತೆರಪು ತುಂಬುವ ಕೆಲಸ ಅವರಿಂದ ಸನ್ನಿವೇಶದ ಮಾದರಿಯನ್ನು ಕಟ್ಟಿಸಿತ್ತು. ಕಷ್ಟ ಫಲ ಕೊಡುವುದು ಓದುಗರ ಬಳಿ ಅದನ್ನು ಎದುರಿಸುವ ಸಾಮಗ್ರಿ ಇದ್ದಾಗ. ಆದ್ದರಿಂದ ಪರಿಚಯ ಗ್ರಂಥವೂ ಬೇಕು, ಮೂಲವೂ ಬೇಕು, ಓದಿನ ಕ್ರಮದಲ್ಲಿ ಅವು ಒಂದರ ನಂತರ ಒಂದು ಬರಬೇಕು.

ನಡುವೆ ಕೈಬಿಡುವುದು ತತ್ತ್ವಗ್ರಂಥಗಳಿಗಷ್ಟೇ ಸೀಮಿತವಲ್ಲ. ಗಣಿತಜ್ಞ ಜೋರ್ಡನ್ ಎಲೆನ್‌ಬರ್ಗ್ 2014ರಲ್ಲಿ ಕಿಂಡಲ್ ಓದುಗರು ಹೆಚ್ಚಾಗಿ ಗುರುತು ಹಾಕಿದ ಐದು ಸಾಲುಗಳು ಪುಸ್ತಕದ ಯಾವ ಭಾಗದಲ್ಲಿವೆ ಎಂದು ನೋಡಿ, ಜನ ಎಲ್ಲಿಯವರೆಗೆ ಓದುತ್ತಾರೆಂಬುದಕ್ಕೆ ಒಂದು ಸರಳ ಅಂದಾಜು ಕಟ್ಟಿದರು. ಅದರ ಪ್ರಕಾರ ಸ್ಟೀಫನ್ ಹಾಕಿಂಗ್ ಅವರ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಶೇ 6.6ರಲ್ಲೂ, ಥಾಮಸ್ ಪಿಕೆಟಿ ಅವರ ಅರ್ಥಶಾಸ್ತ್ರ ಗ್ರಂಥ ಶೇ 2.4ರಲ್ಲೂ ನಿಂತವು. ಇದು ಕಟ್ಟುನಿಟ್ಟಿನ ಅಳತೆಯಲ್ಲವೆಂದು ಅವರೇ ಹೇಳಿದ್ದರೂ, ಕೊಂಡ ಪುಸ್ತಕಕ್ಕೂ ಓದಿದ ಪುಸ್ತಕಕ್ಕೂ ಇರುವ ದೂರವನ್ನು ಇದು ಸೂಚಿಸುತ್ತದೆ.

ಪುಟಗಳ ಲೆಕ್ಕದಲ್ಲಿ ಮುಗಿಸುವುದು ತತ್ತ್ವಗ್ರಂಥದ ವಿಷಯದಲ್ಲಿ ಸರಿಯಾದ ಮಾನದಂಡವಾಗಲಾರದು. ಇಬ್ನ್ ಸೀನಾ ನಲವತ್ತು ಸಲ ಮುಗಿಸಿದ್ದರೂ ಗ್ರಂಥ ಅವರ ಪಾಲಿಗೆ ಮುಗಿದಿರಲಿಲ್ಲ. ಗ್ರಂಥದ ಪ್ರಶ್ನೆ ಯಾವುದು, ಲೇಖಕರು ಕೊಟ್ಟ ಉತ್ತರವೇನು, ಆ ಉತ್ತರಕ್ಕೆ ಯಾವ ಮೆಟ್ಟಿಲುಗಳ ಮೂಲಕ ಬಂದರು, ಅದಕ್ಕಿರುವ ಬಲವಾದ ಆಕ್ಷೇಪ ಯಾವುದು ಎಂಬ ನಾಲ್ಕನ್ನು ಪುಸ್ತಕ ನೋಡದೆ ಹೇಳಬಲ್ಲವರು ಅದನ್ನು ಓದಿದ್ದಾರೆ ಎನ್ನಬಹುದು. ಹೇಳಲಾಗದಿದ್ದರೆ, ಕೊರತೆ ಎಲ್ಲಿದೆ ಎಂಬುದನ್ನು ಈ ನಾಲ್ಕು ಪ್ರಶ್ನೆಗಳೇ ತೋರಿಸುತ್ತವೆ. ಹಿನ್ನೆಲೆ ಸಾಲದಿದ್ದಲ್ಲಿ ಗ್ರಂಥವನ್ನು ಕೆಲಕಾಲ ಬದಿಗಿಟ್ಟು, ಅದಕ್ಕೆ ಮುಂಚೆ ಓದಬೇಕಾದದ್ದನ್ನು ಓದಿ ಮತ್ತೆ ಬರುವುದು ವಿವೇಕದ ದಾರಿ. ಹಾಗೆ ಮರಳಿ ಬಂದವರಿಗೆ ಅದೇ ಪುಟದಲ್ಲಿ ಕಣ್ಣಿನ ಜಿಗಿತ ಉದ್ದವಾಗುತ್ತದೆ, ನೆನಪಿಗೆ ದೊಡ್ಡ ಘಟಕಗಳು ಸಿಗುತ್ತವೆ, ಗಮನಕ್ಕೆ ಹಿಡಿತ ದೊರೆಯುತ್ತದೆ. ಪುಸ್ತಕ ಬದಲಾಗದಿದ್ದರೂ ಓದುಗರು ಬದಲಾಗಿರುತ್ತಾರೆ. ಅದಕ್ಕೆ ಬೇಕಾದದ್ದು ಕಾಲ, ಕ್ರಮ ಮತ್ತು ಒಂದು ನಿಜವಾದ ಪ್ರಶ್ನೆ.